ಮುಂದಿನ ಗಾಲಿಯ ಎಣ್ಣೆ

ಕೊಟ್ಟೂರಿನ ನಾಗಪ್ಪನವರ ಮನೆಯ ಅಂಗಳದಲ್ಲಿ ಒಂದು ಮೂಲೆಗೆ ರಂಗೋಲಿ ಹಿಡಿಯುತ್ತಿರಲಿಲ್ಲ. ಸೊಸೆ ಕಲ್ಯಾಣಮ್ಮ ಬೆಳಿಗ್ಗೆ ಎದ್ದು ಸಗಣಿ ನೀರು ಚಳೆ ಹೊಡೆದರೆ ಆ ಮೂಲೆಯಲ್ಲಿ ನೀರು ನೆಲಕ್ಕೆ ಅಂಟದೆ ಹನಿಹನಿಯಾಗಿ ಉರುಳಿ ಹೋಗುತ್ತಿತ್ತು. ಅಲ್ಲಿ ಜೀಪು ನಿಲ್ಲುತ್ತಿತ್ತು. ಅದರ ಮುಂದಿನ ಎಡಗಾಲಿಯ ಬುಡದಿಂದ ರಾತ್ರಿಯಿಡೀ ಕಪ್ಪು ಎಣ್ಣೆ ತೊಟ್ಟಿಕ್ಕಿ ತಾಟಿನಗಲ ಹರಡಿರುತ್ತಿತ್ತು. ಅದರ ಮೇಲೆ ಸತ್ತ ಇರುವೆ, ನೊಣ, ಗುಬ್ಬಿಯ ಪುಕ್ಕ. ವಾಸನೆಯಂತೂ ಕೊಳೆತ ಉಳ್ಳಾಗಡ್ಡಿಯನ್ನು ಸೀಮೆಎಣ್ಣೆಯಲ್ಲಿ ಹುರಿದ ಹಾಗೆ.

ಕಲ್ಯಾಣಮ್ಮ ಅದರ ಮೇಲೆ ಒಲೆಯ ಬೂದಿ ಸುರಿದು, ಕುರ್ಪಿಯಿಂದ ಕೆರೆದು, ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿ ಬರುತ್ತಿದ್ದಳು. ಕೈಯನ್ನು ಸೀಗೆಪುಡಿ ಹಚ್ಚಿ ತಿಕ್ಕಿದರೂ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಹಿಟ್ಟು ನಾದಬೇಕು. ರೊಟ್ಟಿ ಬಡಿಯುವಾಗ ಬಿಸಿ ಹಿಟ್ಟಿನ ಹಬೆಯ ಜತೆ ಆ ನಾತವೂ ಮೂಗಿಗೆ ಏರಿ ಅವಳಿಗೆ ವಾಕರಿಕೆ ಬರುತ್ತಿತ್ತು.

ಆ ಜೀಪನ್ನು ನಾಗಪ್ಪನವರು ಮಿಲಿಟರಿಯವರ ಹರಾಜಿನಲ್ಲಿ ತಂದಿದ್ದರು. ಅವರದು ಶೇಂಗಾ ವ್ಯಾಪಾರ. ಕೋಗಳಿ, ಇಟ್ಟಿಗಿ, ಹೊಳಲು ಅಂತ ಊರೂರು ಸುತ್ತಿ ಚೀಲ ಹಿಡಿಯುವ ಕೆಲಸ. ಉಳಿದ ವ್ಯಾಪಾರಸ್ಥರು ಬಸ್ಸು, ಬಂಡಿ ಅಂತ ಅಲೆಯುವಾಗ ನಾಗಪ್ಪನವರು ಬಿಳಿ ಧೋತರ ಉಟ್ಟು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಧೂಳೆಬ್ಬಿಸಿಕೊಂಡು ಬರುತ್ತಿದ್ದರು. ಆ ಧೂಳಿನ ಮೇಲೆ ಅವರಿಗೆ ಬಹಳ ಪ್ರೀತಿ.

ಕಲ್ಯಾಣಮ್ಮ ಮಾವನ ಜತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅತ್ತೆ ಅನ್ನದಾನಮ್ಮನಿಗೆ ಹೇಳಿದರೆ ಆ ಮಾತು ಅಡುಗೆಮನೆ ದಾಟಿ ಪಡಸಾಲೆಗೆ ಮುಟ್ಟುತ್ತಿತ್ತು.

"ಏನ್ರಿ, ಸೊಸಿ ಹೇಳ್ತಾಳ, ಆ ಗಾಡಿ ಒಮ್ಮೆ ಬಿಚ್ಚಿಸ್ರಿ ಅಂತ. ಅಂಗಳ ತುಂಬ ಹೇಸಿಗಿ ಆಗೈತಿ," ಅಂದಳು ಅನ್ನದಾನಮ್ಮ, ಗಂಡನ ತಾಟಿಗೆ ಪುಂಡಿಪಲ್ಯ ಬಡಿಸುತ್ತ.

"ಮೂಗು ಸೋರೋ ಕೂಸು ಸಾಯಂಗಿಲ್ಲ ಬಿಡು. ಮಿಲಿಟ್ರಿ ಗಾಡಿ ಅದು. ಸುಗ್ಗಿ ಹೊತ್ತಿನ್ಯಾಗ ಅದನ್ನ ಬಿಚ್ಚಿ ಕುಂತ್ರ ಚೀಲ ನೀ ಹೊತ್ತು ತರ್ತೀ ಏನು?"

ಪಕ್ಕದಲ್ಲೇ ಉಣ್ಣುತ್ತಿದ್ದ ಮಗ ಶಿವಯೋಗಪ್ಪ ತಲೆ ಎತ್ತಲಿಲ್ಲ. ಗಾಡಿಯ ರೋಗ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಅಚ್ಚಿನ ಎರಡು ತುದಿಗೂ ಗಾಲಿ ಹೊರಳಿಸಲು ಒಂದೊಂದು ಕಬ್ಬಿಣದ ಗುಂಡು. ಆ ಗುಂಡನ್ನು ಅಪ್ಪಿಕೊಂಡು ಎಣ್ಣೆ ಹೊರಗೆ ಬಾರದಂತೆ ತಡೆಯುವ ಸೀಲು. ಎಡಗಡೆಯ ಗುಂಡಿಗೆ ತುಕ್ಕು ಹಿಡಿದು ಗುಳಿ ಬಿದ್ದಿತ್ತು, ಆ ಗುಳಿಗಳು ಸೀಲನ್ನು ಕೊರೆದು ಹರಿದಿದ್ದವು. ಒಳಗಿನ ಸೀಲೂ ಸತ್ತುಹೋಗಿತ್ತು. ದಾವಣಗೆರೆಗೆ ಹೋದಾಗ ಅವನೇ ಹೊಸ ಸೀಲು ತಂದು ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟಿದ್ದ. ಬಿಚ್ಚಿ ಹಾಕಲು ಮೂರ್ನಾಲ್ಕು ದಿನ ಗಾಡಿ ನಿಲ್ಲಬೇಕು. ನಿಲ್ಲಿಸಲು ಅಪ್ಪನ ಅಪ್ಪಣೆ ಬೇಕು. ಅದನ್ನು ಕೇಳುವ ಬಾಯಿ ಅವನಿಗಿರಲಿಲ್ಲ.

ಅದಕ್ಕೇ ಅವನು ಅಡ್ಡದಾರಿ ಹಿಡಿದ. ಹಳೆಯ ಕಂಬಳಿಯ ಅಂಚು ಕತ್ತರಿಸಿ, ಗ್ರೀಸಿನಲ್ಲಿ ಅದ್ದಿ, ಗುಂಡಿನ ಸುತ್ತ ತುರುಕಿ ಬೋಲ್ಟು ಬಿಗಿದ. ಒಂದು ವಾರ ಸೋರಿಕೆ ಕಡಿಮೆಯಾದಂತೆ ಕಂಡಿತು. ಆಮೇಲೆ ಕಂಬಳಿಯ ಚೂರುಗಳು ಎಣ್ಣೆಯಲ್ಲಿ ನೆನೆದು, ಸತ್ತ ಇಲಿಯ ಮರಿಗಳಂತೆ ಒಂದೊಂದಾಗಿ ಅಂಗಳಕ್ಕೆ ಬೀಳತೊಡಗಿದವು. ಸೋರಿದ್ದಕ್ಕೆ ಬದಲು ಅವನು ಮೇಲೆ ಮತ್ತಷ್ಟು ಎಣ್ಣೆ ಸುರಿದ. ಸುರಿದಷ್ಟೂ ಅದು ಹೊರಗೂ ಬಂತು, ಒಳಗಿಂದ ಗಾಲಿಯ ಬ್ರೇಕಿನ ಕಡೆಗೂ ಹರಿಯಿತು. ಶಾಲೆಗೆ ಹೋಗುವ ಮಗಳ ಲಂಗಕ್ಕೆ ಕರೆ, ಹಾಸಿಗೆಯ ದುಪ್ಪಡಿಗೆ ಕರೆ. ಒಂದು ದಿನ ಶಿವಯೋಗಪ್ಪ ಮುರಿದಿಟ್ಟ ಅರ್ಧ ರೊಟ್ಟಿಯ ಮೇಲೆ ಅವನ ಹೆಬ್ಬೆರಳಿನ ಕಪ್ಪು ಗುರುತು ಮೂಡಿತ್ತು. ಕಲ್ಯಾಣಮ್ಮ ಅದನ್ನು ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ಮುಖ ತಿರುಗಿಸಿತು.

ಜೀಪು ಓಡಿಸುತ್ತಿದ್ದವನು ಹುಲುಗಣ್ಣ. ಊರ ಕೆಳಗಿನ ಓಣಿಯವನು, ತಾಯಿ ಓಬಮ್ಮನಿಗೆ ಒಬ್ಬನೇ ಮಗ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಟೆಸ್ಟಿಗೆ ಕರೆ ಬಂದಿತ್ತು.

"ಅಣ್ಣಾರ, ಬ್ರೇಕ್ ತುಳಿದ್ರ ಗಾಡಿ ಬಲಕ್ಕ ಎಳೀತೈತ್ರಿ," ಅಂದ ಒಂದು ದಿನ ಶಿವಯೋಗಪ್ಪನಿಗೆ, ನಗುತ್ತಲೇ.

"ಎಡಗಾಲಿ ಎಣ್ಣಿ ಕುಡ್ದೈತಿ, ಅದು ಹಿಡೀವಲ್ದು. ನಾಳಿ ನೋಡ್ತೀನಿ. ಅಲ್ಲೀತನ ಸ್ವಲ್ಪ ಹುಷಾರಿಲೆ ಓಡಸು."

"ಆತು ಬಿಡ್ರಿ, ನಡೀತೈತಿ." ಕೆಲಸ ಸಿಗುವವರೆಗೆ ಸಾಹುಕಾರರ ಜತೆ ಜಗಳ ಯಾಕೆ ಅಂತ ಅವನ ಲೆಕ್ಕ.

ಶಿವಯೋಗಪ್ಪ ಮರುದಿನ ಗಾಲಿ ಬಿಚ್ಚಿ, ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನು ತಂದು ಬಚ್ಚಲಿನ ನೀರೊಲೆಯ ಕೆಂಡದ ಮೇಲಿಟ್ಟ. ಸುಟ್ಟರೆ ಎಣ್ಣೆ ಬಿಡುತ್ತದೆ ಅಂತ. ಹಳದಿ ಹೊಗೆ ಎದ್ದು ಬಚ್ಚಲು ತುಂಬಿ ದೇವರ ಮನೆಗೆ ನುಗ್ಗಿತು. ಲಿಂಗಪೂಜೆಗೆ ಕುಳಿತಿದ್ದ ಅನ್ನದಾನಮ್ಮ ಸೆರಗು ಬಾಯಿಗಿಟ್ಟುಕೊಂಡು ಎದ್ದು ಬಂದಳು.

"ಥೂ! ಹೆಣ ಸುಡ್ತೀಯೇನಲೇ ಮನಿಯಾಗ?"

"ಬ್ರೇಕ್ ಅವ್ವಾ, ಬ್ರೇಕ್."

"ಏನರ ಇರಲಿ. ವಿಭೂತಿ ಹಚ್ಚಿಕೊಂಡ ಹಣಿಗೆ ಇದರ ಮಸಿ ಬಡಿದೈತಿ ನೋಡು. ಕಲ್ಯಾಣಿ, ಹಂಡೆದ ನೀರು ಚೆಲ್ಲಿ ಬ್ಯಾರೆ ಕಾಸವ್ವಾ."

ಅವತ್ತು ಕಲ್ಯಾಣಮ್ಮ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಸುಟ್ಟ ಪಟ್ಟಿಗಳು ಮತ್ತೆ ಗಾಲಿ ಸೇರಿದವು. ವಾರ ಕಳೆಯುವುದರೊಳಗೆ ಮತ್ತೆ ಎಣ್ಣೆ ಕುಡಿದವು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕೋಗಳಿಯ ಹತ್ತಿರ ರಸ್ತೆಗೆ ಕುರಿಹಿಂಡು ಅಡ್ಡ ಬಂತು. ಹುಲುಗಣ್ಣ ಬ್ರೇಕ್ ತುಳಿದ. ಜೀಪು ಬಲಕ್ಕೆ ಜಗ್ಗಿ, ಎರಡು ಕುರಿಗಳನ್ನು ಅರೆದು, ಹೊಲದ ಕಲ್ಲುಗೋಡೆಗೆ ಗುದ್ದಿ ನಿಂತಿತು. ಹಿಂದೆ ಕಟ್ಟಿದ್ದ ಚೀಲದ ಟ್ರೇಲರ್ ಮಗುಚಿ ಶೇಂಗಾ ರಸ್ತೆಯ ತುಂಬ ಚೆಲ್ಲಿತು. ಸ್ಟೇರಿಂಗಿಗೆ ಸಿಕ್ಕಿ ಹುಲುಗಣ್ಣನ ಬಲಗೈ ಮುರಿಯಿತು. ಪಕ್ಕದಲ್ಲಿ ಕುಳಿತಿದ್ದ ನಾಗಪ್ಪನವರ ಹಣೆಯಲ್ಲಿ ಬುಗುಟೆ ಎದ್ದಿತು, ಧೋತರ ಕೆಸರಾಯಿತು. ಸುತ್ತ ಕುರಿಗಾರರು, ಹೊಲದವರು ಸೇರಿದ್ದರು. ಅಷ್ಟು ಜನರ ನಡುವೆ ಗಟಾರದ ಅಂಚಿನಲ್ಲಿ ಕುಳಿತಿದ್ದ ನಾಗಪ್ಪನವರ ಬಾಯಿಂದ ಬಂದ ಮೊದಲ ಮಾತು:

"ಕುಡ್ದು ಗಾಡಿ ಹೊಡೀತೀಯೇನಲೇ ಮಗನ!"

ಆ ಮಾತು ಅವರಿಗಿಂತ ಮುಂಚೆ ಕೊಟ್ಟೂರು ಸೇರಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹ ಕುಡಿಯುವವರೆಲ್ಲ ಸಂಜೆಯೊಳಗೆ ಹುಲುಗಣ್ಣ ಎಷ್ಟು ಕುಡಿದಿದ್ದ, ಎಲ್ಲಿ ಕುಡಿದಿದ್ದ ಅಂತ ಹೇಳುವಷ್ಟು ಬಲ್ಲವರಾಗಿದ್ದರು.

ಕುರಿಗಾರರು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ನಾಗಪ್ಪನವರ ಮುಖ ನೋಡಿ, ಜೀಪು ಅವರ ಮನೆಯಲ್ಲೇ ಇರಲಿ, ನಾಳೆ ಬ್ರೇಕ್ ಇನ್‌ಸ್ಪೆಕ್ಟರ್ ಅಲ್ಲಿಗೇ ಬಂದು ನೋಡುತ್ತಾರೆ ಅಂದರು. ಯಾರದೋ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಜೀಪು ಮತ್ತೆ ಅದೇ ಮೂಲೆಗೆ ಬಂದು ನಿಂತಿತು.

ಹಣೆಗೆ ಅರಿಶಿನ ಮೆತ್ತಿಸಿಕೊಂಡ ನಾಗಪ್ಪನವರು ಹೊತ್ತು ಮುಳುಗುವ ಮುಂಚೆಯೇ ಊಟಕ್ಕೆ ಕುಳಿತರು.

"ಇನ್‌ಸ್ಪೆಕ್ಟರ್ ಬರೋದ್ರಾಗ ಗಾಲಿ ಒಣಗಿರಬೇಕು," ಅಂದರು ಮಗನಿಗೆ. "ಹೊಸ ಬ್ರೇಕ್ ಪಟ್ಟಿ ಹಾಕು. ಸೀಮೆಎಣ್ಣಿ ಹಾಕಿ ತೊಳಿ. ಒಂದು ಹನಿ ಕಾಣಬಾರ್ದು."

"ಅವ ಖರೇನ ಕುಡ್ದಿದ್ನೇನ್ರಿ?" ಅಂದಳು ಅನ್ನದಾನಮ್ಮ.

"ಆ ಓಣ್ಯಾಗ ಕುಡೀಲಾರ್ದವ್ರು ಯಾರದಾರ? ಮಜ್ಜಿಗಿ ತಾ."

ಮಜ್ಜಿಗೆಯ ಗಿಂಡಿ ಹಿಡಿದು ನಿಂತಿದ್ದ ಕಲ್ಯಾಣಮ್ಮನಿಗೆ, ಆ ಮಾತಾಡಿದ ಬಾಯಿ ಅನ್ನ ಅಗಿಯುವುದನ್ನು ನೋಡಲಾಗಲಿಲ್ಲ. ಗಿಂಡಿಯನ್ನು ಅತ್ತೆಯ ಕೈಗೆ ಕೊಟ್ಟು ಅಂಗಳಕ್ಕೆ ಹೋದಳು. ಶಿವಯೋಗಪ್ಪ ಅಷ್ಟರಲ್ಲೇ ಅರ್ಧ ಊಟಕ್ಕೆ ಎದ್ದು ಬಂದು ಗಾಲಿ ಬಿಚ್ಚುತ್ತಿದ್ದ.

"ಅವ ಕುಡ್ದಿದ್ನಾ?"

"ಅಪ್ಪ ಹಂಗಂತಾನ."

"ನೀವೇನಂತೀರಿ?"

ಅವನು ಬ್ರೇಕಿನ ಪಟ್ಟಿಗಳನ್ನು ಕಿತ್ತು ಗೋಣಿತಟ್ಟಿನಲ್ಲಿ ಸುತ್ತಿದ. ಎಣ್ಣೆ ತಟ್ಟನ್ನು ದಾಟಿ ಅವನ ಮೊಣಕೈವರೆಗೆ ಇಳಿಯುತ್ತಿತ್ತು.

"ಕುಡ್ದ ಕೇಸ್ ಬಿದ್ರ ಅವನ ಲೈಸನ್ಸ್ ಹೋಗ್ತೈತ್ರಿ. ಬಸ್ಸಿನ ಕೆಲಸ ಇನ್ನೆಲ್ಲಿ?" ಅಂದಳು ಕಲ್ಯಾಣಮ್ಮ.

"ನಂಗೊತ್ತಿಲ್ಲೇನು? ಇದು ಮನಿ ಮರ್ಯಾದಿ ವಿಷ್ಯ. ಬ್ರೇಕ್ ಇಲ್ಲದ ಗಾಡ್ಯಾಗ ಆಳನ್ನ ಕಳಿಸಿದ್ರು ಅಂದ್ರ ನಾಳಿ ಬಜಾರದಾಗ ತಲಿ ಎತ್ತಿ ತಿರಗಾಕ ಆಗ್ತೈತಾ? ಇದನ್ನ ತಿಪ್ಪ್ಯಾಗ ಹಾಕಿ ಮ್ಯಾಲೆ ಸಗಣಿ ಮುಚ್ಚು, ಹೋಗು."

ಗೋಣಿಯ ಗಂಟು ಅವಳ ಕೈಗೆ ಬಂತು. ಬೆಚ್ಚಗೆ, ಮೆತ್ತಗೆ, ಜಿಡ್ಡುಜಿಡ್ಡಾಗಿತ್ತು. ಅವಳು ತಿಪ್ಪೆಯವರೆಗೆ ಹೋದಳು. ಮುಂಗಾರಿನಿಂದ ಬುಟ್ಟಿ ಬುಟ್ಟಿ ಹೊತ್ತು ತಂದು ಹಾಕಿದ ಕಪ್ಪು ಬೂದಿಯೆಲ್ಲ ಅಲ್ಲೇ ಬಿದ್ದಿತ್ತು. ಇಷ್ಟು ದಿನ ತಾನು ಬಳಿದದ್ದು ಅಂಗಳ ಮಾತ್ರವಲ್ಲ, ಮನೆಯವರ ತಪ್ಪನ್ನೂ ಅನ್ನಿಸಿತು. ತಿಪ್ಪೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಗಂಟನ್ನು ಮುಚ್ಚದೆ, ಹಾಗೇ ಹಿಡಿದುಕೊಂಡು ಬಂದು ಬಚ್ಚಲ ಹಿಂದಿನ ಸೌದೆಯ ಸಂದಿಯಲ್ಲಿ ಇಟ್ಟಳು.

ಮರುದಿನ ಪೊಲೀಸ್ ಜಮಾದಾರರೂ ಬ್ರೇಕ್ ಇನ್‌ಸ್ಪೆಕ್ಟರೂ ಬಂದರು. ಇನ್‌ಸ್ಪೆಕ್ಟರ್ ಜೀಪು ಹತ್ತಿ ಬ್ರೇಕ್ ತುಳಿದರು, ಇಳಿದು ಗಾಲಿಗೆ ಒದ್ದರು, ಬಗ್ಗಿ ನೋಡಿದರು. ಗಾಲಿ ಮದುವೆಯ ಹಂಡೆಯಂತೆ ಹೊಳೆಯುತ್ತಿತ್ತು.

"ಬ್ರೇಕ್ ಗಟ್ಟಿ ಐತಲ್ರಿ," ಅಂದರು.

"ನಮ್ಮ ಗಾಡಿ ಯಾವತ್ತೂ ಕಂಡೀಶನ್ನೇ," ಅಂದರು ನಾಗಪ್ಪನವರು. "ಬರ್ರಿ, ಒಳಗ ಬರ್ರಿ, ನಾಷ್ಟಾ ಮಾಡ್ರಿ."

ಪಡಸಾಲೆಯಲ್ಲಿ ಉಪ್ಪಿಟ್ಟು, ಕಾಫಿ. ಜಮಾದಾರರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತ, ಬರೆದದ್ದನ್ನು ಗಟ್ಟಿಯಾಗಿ ಹೇಳುತ್ತ ಹೋದರು. "ಚಾಲಕನು ಪಾನಮತ್ತನಾಗಿ..."

ಎರಡನೆಯ ಸಲ ಉಪ್ಪಿಟ್ಟು ಬಡಿಸಲು ಬಂದ ಕಲ್ಯಾಣಮ್ಮ ನಿಂತಲ್ಲೇ ನಿಂತಳು.

"ಅದನ್ನ ಬರೀಬ್ಯಾಡ್ರಿ ಜಮಾದಾರ್ರೆ. ಕುಡ್ದಿದ್ದು ಹುಲುಗಣ್ಣ ಅಲ್ಲ, ಗಾಲಿ. ಮಳಿಗಾಲದಿಂದ ಎಣ್ಣಿ ಕುಡೀತಿತ್ತು."

ನಾಗಪ್ಪನವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಸೊಸೆಯ ದನಿಯನ್ನು ಅವರು ಪಡಸಾಲೆಯಲ್ಲಿ ಕೇಳಿದ್ದು ಅದೇ ಮೊದಲು.

"ಏನ್ರಿ ಶಿವಯೋಗಪ್ಪನೋರೆ, ಹೌದಾ?" ಅಂದರು ಇನ್‌ಸ್ಪೆಕ್ಟರ್.

ಶಿವಯೋಗಪ್ಪ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಉಪ್ಪಿಟ್ಟಿನ ತಾಟು ನೋಡಿದ. "ಹೆಣ್ಮಕ್ಕಳಿಗೆ ಗಾಡಿ ವಿಷ್ಯ ಏನು ಗೊತ್ತಿರತೈತ್ರಿ? ಒಳಗ ನಡಿ ನೀನು."

ಕಲ್ಯಾಣಮ್ಮ ಒಳಗೆ ನಡೆದಳು. ಜಮಾದಾರರು ಪೆನ್ನು ಮತ್ತೆ ಎತ್ತಿಕೊಂಡರು. ಅಷ್ಟರಲ್ಲಿ ಅವಳು ಬಚ್ಚಲ ಹಿಂದಿನಿಂದ ಗೋಣಿಯ ಗಂಟು ತಂದು ತಾಟುಗಳ ನಡುವೆ ಇಟ್ಟು ಬಿಚ್ಚಿದಳು. ಕಪ್ಪು ಲೋಳೆ ಹರಿದು ಉಪ್ಪಿಟ್ಟಿನ ತಾಟಿನ ಅಂಚು ಮುಟ್ಟಿತು. ನಾತಕ್ಕೆ ಜಮಾದಾರರು ತಾಟು ದೂಡಿ ಕರವಸ್ತ್ರ ಮೂಗಿಗಿಟ್ಟರು.

"ನಿನ್ನೆ ಸಂಜಿಮುಂದ ಬಿಚ್ಚಿದ್ದು. ಗಾಲಿ ತಗಸಿ ನೋಡ್ರಿ, ಒಳಗ ಹೊಸಾವು ಅದಾವ."

ಇನ್‌ಸ್ಪೆಕ್ಟರ್ ಗಾಲಿ ತೆಗೆಸಿದರು. ಪಟ್ಟಿಗಳಿಗೆ ಅಂಗಡಿಯ ಕಾಗದದ ಚೂರು ಇನ್ನೂ ಅಂಟಿತ್ತು. ಗುಂಡಿನ ಕೆಳಗೆ ಬೆರಳಿಟ್ಟರೆ ಆಗಲೇ ಹೊಸ ಎಣ್ಣೆ ಇಳಿಯತೊಡಗಿತ್ತು. ಜಮಾದಾರರು ಬರೆದ ಸಾಲನ್ನು ಹೊಡೆದುಹಾಕಿದರು. ದಂಡ, ಕುರಿಗಾರರಿಗೆ ಪರಿಹಾರ ಎಲ್ಲ ನಾಗಪ್ಪನವರ ತಲೆಗೇ ಬಂತು.

ಅವರು ಹೋದ ಮೇಲೆ ಮನೆಯಲ್ಲಿ ಮೊದಲು ಬಾಯಿ ತೆರೆದವಳು ಅನ್ನದಾನಮ್ಮ.

"ಮಾವನ ತಾಟಿನ ಮುಂದ ಅಂಥ ಹೇಸಿಗಿ ಇಟ್ಟೆಲ್ಲ, ನಿನ್ನ ಕೈಯಾದ್ರೂ ಹೆಂಗ ಬಂತು?"

"ದಿನಾ ಅದನ್ನ ಬಳದದ್ದು ಇದೇ ಕೈ ಅತ್ತಿ. ಅವತ್ತು ಯಾರಿಗೂ ಹೇಸಿಗಿ ಬರಲಿಲ್ಲ."

ಅವತ್ತಿನಿಂದ ನಾಗಪ್ಪನವರು ಸೊಸೆ ಬಡಿಸಿದ್ದನ್ನು ಮುಟ್ಟಲಿಲ್ಲ. ಅನ್ನದಾನಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಗಂಡನಿಗೆ ತಾನೇ ಬಡಿಸುತ್ತಿದ್ದಳು. ಶಿವಯೋಗಪ್ಪ ಅಂಗಳದಲ್ಲಿ ಜೀಪು ಎತ್ತಿ, ಮುಂದಿನ ಅಚ್ಚು ಪೂರ್ತಿ ಬಿಚ್ಚಿದ. ಈಗ ಗಾಡಿ ಹೇಗೂ ನಿಂತೇ ಇತ್ತು, ಅಪ್ಪಣೆ ಕೇಳುವ ಪ್ರಮೇಯವೇ ಇರಲಿಲ್ಲ. ಗುಂಡಿನ ತುಕ್ಕನ್ನು ಉಜ್ಜುಕಾಗದ ಹಿಡಿದು ತಿಕ್ಕಿ ತಿಕ್ಕಿ ನುಣುಪು ಮಾಡಿದ. ಅಚ್ಚಿನ ಒಳಗಿನ ಗಾಳಿ ಹೊರಗೆ ಹೋಗುವ ಸಣ್ಣ ತೂತು ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಅದನ್ನು ತಂತಿ ಹಾಕಿ ಬಿಡಿಸಿದ. ಗಾಳಿ ದಾರಿ ಇಲ್ಲದೆ ಎಣ್ಣೆಯನ್ನು ಹೊರಗೆ ದೂಡುತ್ತಿದ್ದದ್ದೂ ಆಗ ತಿಳಿಯಿತು. ಗೂಡಿನಲ್ಲಿದ್ದ ಸೀಲುಗಳನ್ನು ಹಾಕಿ, ಅಳತೆಯಷ್ಟೇ ಎಣ್ಣೆ ತುಂಬಿದ.

"ನೋಡು, ಹನಿ ಇಲ್ಲ," ಅಂದ ವಾರ ಕಳೆದ ಮೇಲೆ, ಹೆಂಡತಿಯನ್ನು ಕರೆದು.

ನೆಲ ಒಣಗಿತ್ತು. ಕಲ್ಯಾಣಮ್ಮ ಗಾಲಿಯನ್ನೂ ನೋಡಿದಳು, ಅವನನ್ನೂ ನೋಡಿದಳು. ಮಳೆಗಾಲದಲ್ಲೇ ಮಾಡಬಹುದಾಗಿದ್ದ ನಾಲ್ಕು ದಿನದ ಕೆಲಸಕ್ಕೆ ಮೆಚ್ಚುಗೆ ಕಾಯುತ್ತ ನಿಂತ ಆ ಮುಖ ಅವಳಿಗೆ ಎಣ್ಣೆಗಿಂತ ಅಸಹ್ಯವಾಗಿ ಕಂಡಿತು. ಕೊಡ ಎತ್ತಿಕೊಂಡು ಹೊರಟಳು.

ಕೆಲವು ದಿನಗಳಾದ ಮೇಲೆ ಓಬಮ್ಮ ಬಂದಳು. ಹಿತ್ತಲ ಬಾಗಿಲ ಹೊರಗೇ ನಿಂತಳು. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರುತ್ತದೆ ಅಂತ ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು ಹೋದಳು.

"ಪೊಲೀಸರ ಮುಂದ ಹೇಳಿದ್ರಂತ ಅಮ್ಮಾರ. ಒಳ್ಳೇದಾತು. ಓಣ್ಯಾಗ ಯಾರು ಹೇಳಬೇಕ್ರಿ? ಹೋಟ್ಲಾಗ ಯಾರು ಹೇಳಬೇಕು? ಇವತ್ತೂ ನನ್ನ ಮಗನ್ನ ನೋಡಿ ಬಾಟ್ಲಿ ಎತ್ತಿದಂಗ ಕೈ ಮಾಡಿ ನಗ್ತಾರ. ಹುಟ್ಟಿದಾಗಿಂದ ಅವ ಅದನ್ನ ಮುಟ್ಟಿದಾವಲ್ಲ."

"ನಾನು..."

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಎಣ್ಣಿ ಸೋರೋದು ನಿಮಗ ಯಾವಾಗಿಂದ ಗೊತ್ತಿತ್ತು?"

"ಮಳಿಗಾಲದಿಂದ."

"ಮತ್ತ ದಿನಾ ನನ್ನ ಮಗ ಅದರಾಗ ಕುಂತು ಹೋಗೋದನ್ನ ನೋಡಿದ್ರಿ."

ಓಬಮ್ಮ ತಿರುಗಿ ಹೊರಟುಹೋದಳು. ಕಲ್ಯಾಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಮನೆಯವರ ಮೇಲೆಲ್ಲ ಉಕ್ಕುತ್ತಿದ್ದ ಹೇಸಿಗೆ ಈಗ ಅವಳ ಮೇಲೆಯೇ ಬಂದು ಬಿತ್ತು. ನಾತ ಬಂದಾಗ ಮೂಗು ಮುಚ್ಚಿದ್ದಳು, ಅಂಗಳ ಬಳಿದಿದ್ದಳು, ಹಂಡೆ ಬೆಳಗಿದ್ದಳು. ಹಿತ್ತಲಲ್ಲಿ ನೀರು ಕೇಳಿ ಕುಡಿದು ಹೋಗುತ್ತಿದ್ದ ಹುಲುಗಣ್ಣನಿಗೆ 'ಹತ್ತಬ್ಯಾಡ' ಅಂತ ಒಂದು ಮಾತು ಅಂದಿರಲಿಲ್ಲ.

ಗಂಡನಿಗೆ ಹೇಳಿದಳು: "ನೀವು ಅವನ ಓಣಿಗೆ ಹೋಗಿ ನಾಕು ಮಂದಿ ಮುಂದ ಹೇಳಿ ಬರಬೇಕು."

"ಆತು, ಹೋಗ್ತೀನಿ."

ಮರುದಿನ ಸಂತೆಯ ಚೀಲ ಹಿಡಿದು ಬಂದ. "ಹೇಳಿ ಬಂದೆ," ಅಂದ, ಬದನೆಕಾಯಿ ಸುರಿಯುತ್ತ.

"ಅವನ ಯಾವ ಕೈಗೆ ಕಟ್ಟು ಹಾಕ್ಯಾರ?"

"ಎಡಗೈ... ಎಡಗೈಗೆ."

"ಮುರದದ್ದು ಬಲಗೈ. ಚಪ್ಪಲಿ ಮೆಟ್ಟಿಕೊಳ್ರಿ. ನಾನೂ ಬರ್ತೀನಿ."

"ನೀನಾ? ಆ ಓಣಿಗೆ?"

ಅವಳು ಆಗಲೇ ಅಂಗಳ ದಾಟಿದ್ದಳು.

ಹುಲುಗಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ. ಬಲಗೈ ಕೊರಳಿಗೆ ಕಟ್ಟಿಕೊಂಡಿದ್ದ. ಸಾಹುಕಾರರ ಮನೆಯ ಗಂಡಹೆಂಡಿರು ಬಂದದ್ದು ನೋಡಿ ಬಾಗಿಲು ಬಾಗಿಲಿಗೂ ಜನ ನಿಂತರು. ಶಿವಯೋಗಪ್ಪ ಗಂಟಲು ಸರಿಮಾಡಿಕೊಂಡ.

"ಅವತ್ತು ಹುಲುಗಣ್ಣ ಕುಡ್ದಿರಲಿಲ್ಲ. ತಪ್ಪು ಗಾಡೀದು."

"ಗಾಡೀದೋ, ಗಾಡಿ ಇಟ್ಟೋರದೋ?" ಅಂದರು ಯಾರೋ ಹಿಂದಿನಿಂದ.

ಶಿವಯೋಗಪ್ಪ ನೆಲ ನೋಡಿದ.

"ನಂದು," ಅಂದ ಅವನು ಕೊನೆಗೆ. "ನಂಗ ಗೊತ್ತಿತ್ತು. ಗೊತ್ತಿದ್ದೂ ಓಡಸು ಅಂದೆ. ಜಮಾದಾರರ ಮುಂದ ಸುಳ್ಳೂ ಹೇಳಿದೆ."

"ನಾನೂ ನಡೀತೈತಿ ಬಿಡ್ರಿ ಅಂದಿದ್ದೆ," ಅಂದ ಹುಲುಗಣ್ಣ. ದನಿಯಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಟೆಸ್ಟ್ ತಪ್ಪಿತು. ಕೈ ನೆಟ್ಟಗಾದ ಮ್ಯಾಲೆ ಬಾ ಅಂದಾರ. ನೋಡಬೇಕು. ನಿಮ್ಮ ಗಾಡಿ ಮಾತ್ರ ನಾ ಹತ್ತಂಗಿಲ್ರಿ."

ಓಬಮ್ಮ ಒಳಗಿಂದ ಎರಡು ಲೋಟ ನೀರು ತಂದು ಕಟ್ಟೆಯ ಮೇಲಿಟ್ಟಳು. ಕುಡಿಯಿರಿ ಅನ್ನಲಿಲ್ಲ. ಇಟ್ಟು, ಕೈಕಟ್ಟಿ ನಿಂತಳು.

"ಈಗ ಕುಡ್ದ ಬಂದೀವಿ," ಅಂದ ಶಿವಯೋಗಪ್ಪ ತಟ್ಟನೆ.

ಲೋಟಗಳು ಬೂದಿ ಹಚ್ಚಿ ಬೆಳಗಿದವು, ಫಳಫಳ ಅನ್ನುತ್ತಿದ್ದವು. ನೀರು ತಿಳಿಯಾಗಿತ್ತು. ಆದರೂ ಕಲ್ಯಾಣಮ್ಮನ ಕೈ ಹಿಂದಕ್ಕೆ ಸರಿಯಿತು. ಕೊಳೆತ ಎಣ್ಣೆಯ ಮುಂದೆ ಹೇಗೋ ಹಾಗೆಯೇ. ಇಂಥ ತಿಳಿನೀರಿಗೂ ತನ್ನ ಒಡಲು ಹೀಗೆ ಹೇಸುತ್ತದೆಯೇ ಅಂತ ಅವಳಿಗೆ ದಿಗಿಲಾಯಿತು. ಇದನ್ನು ಯಾರು ಕಲಿಸಿದ್ದು, ಯಾವಾಗ ಕಲಿತದ್ದು ಅಂತ ನೆನಪಿರಲಿಲ್ಲ. ಓಬಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು. ಕಲ್ಯಾಣಮ್ಮ ಲೋಟ ಎತ್ತಿ, ತುಟಿಗೆ ಹಚ್ಚಿ, ಒಂದೇ ಉಸಿರಿಗೆ ಪೂರ್ತಿ ಕುಡಿದಳು. ಖಾಲಿ ಲೋಟವನ್ನು ಓಬಮ್ಮನ ಕೈಗೇ ಕೊಟ್ಟಳು.

"ಇನ್ನೊಂದಿಷ್ಟು ತರ್ಲ್ಯಾ?" ಅಂದಳು ಓಬಮ್ಮ.

"ಸಾಕವ್ವಾ."

ಮನೆಯ ತಿರುವು ಬಂದಾಗ, "ನೀರು ಕುಡ್ದದ್ದು ಅವ್ವಗ ಹೇಳಬ್ಯಾಡ," ಅಂದ ಶಿವಯೋಗಪ್ಪ.

ಅನ್ನದಾನಮ್ಮ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಹೋಗಿದ್ರಿ ಇಬ್ರೂ?"

"ಹುಲುಗಣ್ಣನ ಮನಿಗೆ ಅತ್ತಿ. ನಿಮ್ಮ ಮಗ ಅಲ್ಲಿ ಖರೆ ಹೇಳಿದ್ರು. ನಾನು ಅವರ ಮನಿ ನೀರು ಕುಡ್ದೆ."

ಪಡಸಾಲೆಯಲ್ಲಿ ನಾಗಪ್ಪನವರ ಕೆಮ್ಮು ನಿಂತಿತು. ಅನ್ನದಾನಮ್ಮ ಬಾಗಿಲಿಗೆ ಅಡ್ಡವಾಗಿ ಎರಡೂ ಪಟ್ಟಿ ಹಿಡಿದು ನಿಂತಳು. ಸೊಸೆಯ ಮುಖ ನೋಡಿದಳು, ಮಗನ ಬಗ್ಗಿದ ತಲೆ ನೋಡಿದಳು. ಒಳಗೆ ಒಲೆ ಹತ್ತಿರಲಿಲ್ಲ. ಮೊಮ್ಮಗಳು ಹಸಿವು ಅಂತ ರಾಗ ತೆಗೆದಿದ್ದಳು. ಮುದುಕಿ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದನ್ನು.

"ಹೊರಗಿಂದ ಬಂದೀ. ಕಾಲು ತೊಳ್ಕಂಡು ಬಾ," ಅಂದಳು.

ಕಲ್ಯಾಣಮ್ಮ ಕಾಲು ತೊಳೆದುಕೊಂಡಳು. ಕಾಲು ಮಾತ್ರ. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿ, ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು.